ಬ್ಯಾಟರಿ ಹೋಯ್ತು ಅನ್ನೋ ಮುಂಚೆ

ಮರ್ಫಿ ಟೌನ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಮಿಕ್ಸಿ, ಮೊಬೈಲುಗಳ ಜೊತೆಗೆ ಈಚೆಗೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನುಗಳೂ ಬಂದು ಕೂರುತ್ತಿವೆ. ಬರದೇ ಇನ್ನೇನು? ಗೋಡೆಗೆ ಗೋಡೆ ತಾಗಿದ ಮನೆಗಳು. ಒಬ್ಬರ ಮನೆಯ ಸೀರಿಯಲ್ಲು ಪಕ್ಕದವರ ಆಫೀಸ್ ಮೀಟಿಂಗಿನಲ್ಲಿ ಕೇಳಿಸುತ್ತದೆ. ಹಲಸೂರಿನಲ್ಲಿ ಮೆಟ್ರೊ ಹತ್ತಿ ವೈಟ್‌ಫೀಲ್ಡಿಗೆ ಹೋಗುವವರ ಕಿವಿಯಲ್ಲೂ ಇದೇ. ತಂದವರೆಲ್ಲ ಹೇಳುವುದು ಒಂದೇ: "ಅಣ್ಣಾ, ಬ್ಯಾಟರಿ ಹೋಗಿದೆ, ಹೊಸದು ಹಾಕ್ಕೊಡಿ." ನಿಜವಾಗಿ ಬ್ಯಾಟರಿ ಹೋಗಿರುವುದು ಅದರಲ್ಲಿ ಕಮ್ಮಿ.

1. ಮೊದಲ ಅನುಮಾನ ಕೇಬಲ್ ಮೇಲಿರಲಿ.

ಎರಡೂ ತುದಿ ಟೈಪ್ ಸಿ ಇರುವ ಕೇಬಲ್ಲನ್ನು ಹೊಸ ಚಾರ್ಜರಿಗೆ ಸಿಕ್ಕಿಸಿದರೆ ಕೆಲವು ಹೆಡ್‌ಫೋನಿನ ದೀಪವೇ ಹತ್ತುವುದಿಲ್ಲ. ಅದೇ ಹೆಡ್‌ಫೋನನ್ನು ಹಳೆಯ ಚಪ್ಪಟೆ ಯುಎಸ್‌ಬಿ ಚಾರ್ಜರಿಗೆ ಹಾಕಿ, ತಟ್ಟನೆ ಹತ್ತುತ್ತದೆ. ಕಾರಣ ಸಣ್ಣದು. ಸಿ ಚಾರ್ಜರ್ ಆ ಕಡೆ ಯಾರೋ ಇದ್ದಾರೆ ಎಂದು ಗೊತ್ತಾಗುವ ತನಕ ಕರೆಂಟು ಬಿಡುವುದಿಲ್ಲ. ಗೊತ್ತು ಮಾಡಿಕೊಡುವುದು ಹೆಡ್‌ಫೋನಿನ ಸಾಕೆಟ್ ಪಕ್ಕದ ಎರಡು ರೆಸಿಸ್ಟರುಗಳು, ತಲಾ 5.1 ಕಿಲೋ ಓಮ್, ಸಾಸಿವೆಗಿಂತ ಚಿಕ್ಕವು. ಅಗ್ಗದ ಮಾಲು ಮಾಡುವವರು ಪೈಸೆ ಉಳಿಸಲು ಅವನ್ನೇ ಬಿಟ್ಟುಬಿಡುತ್ತಾರೆ. ಹಳೆಯ ಚಾರ್ಜರ್ ಏನೂ ಕೇಳದೆ 5 ವೋಲ್ಟ್ ಕೊಡುತ್ತದೆ, ಕೆಲಸ ನಡೆಯುತ್ತದೆ. ಟೈಪ್ ಸಿಗೆ ನಮ್ಮ ಬಿಐಎಸ್ 2023ರ ಜನವರಿಯಲ್ಲಿ ಮಾನದಂಡ ಹೊರಡಿಸಿತು; ಐರೋಪ್ಯ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೆಡ್‌ಫೋನಿಗೂ ಅದನ್ನೇ ಕಡ್ಡಾಯ ಮಾಡಿತು. ಆದರೆ ತೂತು ಒಂದೇ ಆದ ಮಾತ್ರಕ್ಕೆ ಒಳಗಿರುವುದೆಲ್ಲ ಒಂದೇ ಅಲ್ಲ.

ಕೇಬಲ್ ಸರಿಯಿದ್ದರೆ ಸಾಕೆಟ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ಬ್ಯಾಗಿನ ನೂಲು, ಧೂಳು ಮೆತ್ತಿಕೊಂಡು ಪಿನ್ನು ಕೂರುತ್ತಿರುವುದಿಲ್ಲ. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೇಫ್ಟಿ ಪಿನ್ ಹಾಕಿ ಕೆದಕಿದವರು ಸಾಕೆಟ್ ಬದಲಾಯಿಸಲು ಬರುತ್ತಾರೆ.

2. 65 ವ್ಯಾಟ್ ಚಾರ್ಜರಿಗೆ ಹಾಕಿದರೆ ಬೇಗ ತುಂಬುವುದಿಲ್ಲ.

ಎಷ್ಟು ಎಳೆದುಕೊಳ್ಳಬೇಕೆಂದು ತೀರ್ಮಾನಿಸುವುದು ಹೆಡ್‌ಫೋನಿನ ಒಳಗಿನ ಸರ್ಕ್ಯೂಟು. ಸುಡುವುದೂ ಇಲ್ಲ, ಓಡುವುದೂ ಇಲ್ಲ.

3. ಚಾರ್ಜಿಗೆ ಹಾಕಿದ ಕೂಡಲೇ ಬ್ಲೂಟೂತ್ ಕಟ್ ಆದರೆ ಅದು ರಿಪೇರಿಯಲ್ಲ.

ಎಷ್ಟೋ ಮಾಡೆಲ್ಲುಗಳನ್ನು ಹಾಗೆಯೇ ಮಾಡಿರುತ್ತಾರೆ. ಮೀಟಿಂಗ್ ನಡುವೆ ಚಾರ್ಜ್ ಮುಗಿದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮೂವತ್ತು ಸಾವಿರ ಕೊಟ್ಟವರಿಗೆ ಇನ್ನೂ ಹೆಚ್ಚು. ಆದರೆ ಬಿಚ್ಚಿ ನಾನು ಮಾಡುವುದು ಏನೂ ಇಲ್ಲ. ಡಬ್ಬದಲ್ಲಿ ಬಂದ 3.5 ಎಂಎಂ ವೈರು ಎಲ್ಲಿಟ್ಟಿದ್ದೀರಿ, ಹುಡುಕಿ.

4. ಹಾಡು ನಿಂತರೂ ಖರ್ಚು ನಿಲ್ಲುವುದಿಲ್ಲ.

ನಾಯ್ಸ್ ಕ್ಯಾನ್ಸಲಿಂಗ್ ಆನ್ ಇದ್ದಷ್ಟು ಹೊತ್ತೂ ಮೈಕುಗಳು ಹೊರಗಿನ ಸದ್ದು ಕೇಳುತ್ತಲೇ, ಚಿಪ್ಪು ಅದಕ್ಕೆ ಎದುರು ಸದ್ದು ಹೊಸೆಯುತ್ತಲೇ ಇರುತ್ತವೆ. ಸೋನಿ ಡಬ್ಲ್ಯುಎಚ್-1000ಎಕ್ಸ್‌ಎಂ4 ಬಗ್ಗೆ ಕಂಪನಿಯೇ ಹೇಳುವುದು, ಆನ್ ಇದ್ದರೆ 30 ಗಂಟೆ, ಆಫ್ ಮಾಡಿದರೆ 38 ಎಂದು. ವಾಲ್ಯೂಮ್ ಏರಿಸಿದರೆ, ದಿನವಿಡೀ ಕಾಲ್ ಮಾತಾಡಿದರೆ ಇನ್ನೂ ಇಳಿಯುತ್ತದೆ.

ಎಲ್ಲಿ ಆನ್ ಮಾಡಬೇಕೆಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್‌ಗೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನಿನ ಯೋಚನೆ ಹೊಳೆದದ್ದು 1978ರಲ್ಲಿ, ಜ್ಯೂರಿಚ್‌ನಿಂದ ವಿಮಾನದಲ್ಲಿ ಮರಳುವಾಗ. ಎಂಜಿನ್ನಿನ ಮೊರೆತ, ಫ್ಯಾನು, ಎಸಿ, ಜನರೇಟರ್, ಮೆಟ್ರೊ ಬೋಗಿಯ ಗುಂಯ್‌ಗುಟ್ಟುವಿಕೆ ಇವಕ್ಕೆ ಅದು ರಾಮಬಾಣ. ಆಟೊ ಹಾರನ್ನು, ಕುಕ್ಕರ್ ಕೂಗು, ಸೊಪ್ಪಿನವಳ ಗಂಟಲು ಇವುಗಳ ಮುಂದೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಮುಕ್ಕಾಲು ಕೆಲಸ ಕಿವಿ ಮುಚ್ಚುವ ಕುಶನ್ನಿನದೇ.

5. ಒಂದೇ ಬಡ್ ಸತ್ತಿದ್ದರೆ ಹತ್ತಿಕಡ್ಡಿ ತನ್ನಿ.

ಇಯರ್ ಬಡ್ಸ್ ಕೇಸಿನ ಗುಂಡಿಯಲ್ಲಿ ಪುಟ್ಟ ಸ್ಪ್ರಿಂಗ್ ಪಿನ್ನುಗಳಿರುತ್ತವೆ. ಬೆವರು, ಕಿವಿಯ ಗುಗ್ಗೆ ಸೇರಿ ಅವುಗಳ ತುದಿ ಕಪ್ಪಾಗುತ್ತದೆ. ರಾತ್ರಿಯೆಲ್ಲ ಕೇಸಿನಲ್ಲಿದ್ದರೂ ಎಡಗಡೆಯದಕ್ಕೆ ಚಾರ್ಜೇ ಏರಿರುವುದಿಲ್ಲ. ಐಸೋಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಕಡ್ಡಿಯಿಂದ ಪಿನ್ನು, ಬಡ್ಡಿನ ಬಿಲ್ಲೆ ಎರಡನ್ನೂ ಒರೆಸಿ, ಆರಲು ಬಿಡಿ. ಇಂದಿರಾನಗರದ ಕಡೆ ಡೆಲಿವರಿಗೆ ಓಡಾಡುವ ಹುಡುಗರಿಗೆ ಇದನ್ನು ಕಲಿಸಿದ ಮೇಲೆ ನನ್ನ ವ್ಯಾಪಾರ ಸ್ವಲ್ಪ ಕಮ್ಮಿಯೇ ಆಗಿದೆ.

6. ಡ್ರಾಯರಿನಲ್ಲೂ ಸಾಯುತ್ತದೆ, ಡಿಕ್ಕಿಯಲ್ಲೂ ಸಾಯುತ್ತದೆ.

ಪೂರ್ತಿ ಖಾಲಿ ಮಾಡಿ ಆರು ತಿಂಗಳು ಒಳಗಿಟ್ಟರೆ ಲಿಥಿಯಂ ಸೆಲ್ಲಿನ ವೋಲ್ಟೇಜ್ ಪಾತಾಳಕ್ಕಿಳಿಯುತ್ತದೆ. ತುಂಬಿದಾಗ 4.2 ಇರುವುದು 2.5ರ ಕೆಳಗೆ ಹೋಗಿದ್ದರೆ ನಾನು ಎಬ್ಬಿಸಲು ಹೋಗುವುದಿಲ್ಲ, ಆಮೇಲೆ ಅದನ್ನು ನಂಬುವಂತಿಲ್ಲ. ಅರ್ಧ ಚಾರ್ಜ್ ಮಾಡಿಟ್ಟು ಆಗಾಗ ನೋಡಿ. ಏಪ್ರಿಲ್ ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಂತೂ ಬೇಡವೇ ಬೇಡ.

7. ಸೆಲ್ ಬದಲಾಯಿಸುವುದೇ ಆದರೆ ನಂಬರ್ ಓದಿ, ವೈರು ಎಣಿಸಿ.

ಎಸ್.ಪಿ. ರೋಡಿನಲ್ಲಿ ಸೆಲ್ ಕೊಳ್ಳುವಾಗ ಹೊಳೆಯುವ ಸ್ಟಿಕರ್ ನೋಡಬೇಡಿ. 602040 ಎಂದಿದ್ದರೆ 6 ಮಿ.ಮೀ. ದಪ್ಪ, 20 ಅಗಲ, 40 ಉದ್ದ. ಆ ಗಾತ್ರದಲ್ಲಿ 450-500 ಎಂಎಎಚ್ ಹಿಡಿಸಿದರೆ ಹೆಚ್ಚು. ಅದರ ಮೇಲೆ 1200 ಎಂದು ಅಂಟಿಸಿದ್ದರೆ ವಾಪಸ್ ಇಟ್ಟು ಮುಂದಿನ ಅಂಗಡಿಗೆ ನಡೆಯಿರಿ.

ಇನ್ನು ವೈರು. ಕೆಂಪು, ಕಪ್ಪು ಎಲ್ಲದರಲ್ಲೂ ಇರುತ್ತವೆ. ಒಳ್ಳೆಯ ಹೆಡ್‌ಫೋನುಗಳಲ್ಲಿ ಮೂರನೆಯದೂ ಒಂದಿರಬಹುದು, ಸೆಲ್ಲಿನ ಬಿಸಿ ಅಳೆಯುವ ಥರ್ಮಿಸ್ಟರಿನದು. ಎರಡೇ ವೈರಿನ ಸೆಲ್ ಹಾಕಿದರೆ ಬೋರ್ಡಿಗೆ ಬಿಸಿ ಎಷ್ಟೆಂದು ತಿಳಿಯದೆ ಚಾರ್ಜನ್ನೇ ನಿಲ್ಲಿಸಬಹುದು. ಆ ಜಾಗಕ್ಕೆ 10 ಕಿಲೋ ಓಮ್ ರೆಸಿಸ್ಟರ್ ಬೆಸೆದು ಬೋರ್ಡಿಗೆ ಟೋಪಿ ಹಾಕುವವರಿದ್ದಾರೆ. ಚಾರ್ಜ್ ಆಗುತ್ತದೆ, ನಿಜ. ಆದರೆ ಸೆಲ್ ಎಷ್ಟು ಕಾದರೂ ತಡೆಯುವವರಿಲ್ಲ, ಅದೂ ತಲೆಗೆ ಕಟ್ಟಿಕೊಳ್ಳುವ ಸಾಮಾನಿನಲ್ಲಿ. ಯಾರೇ ಮಾಡಿಕೊಡುತ್ತೇನೆಂದರೂ ಒಪ್ಪಬೇಡಿ.

ಊದಿಕೊಂಡ ಸೆಲ್ಲನ್ನು ಚುಚ್ಚಬೇಡಿ, ಕಸದ ಆಟೊಗೆ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಬೇರೆಯಾಗಿ ಕೊಡಿ.

8. ಹೊಸದು ಕೊಳ್ಳುವ ಮುಂಚೆ ಹೇಗೆ ಬಿಚ್ಚುತ್ತದೆ ಕೇಳಿ.

ಹಳೆಯ ಬೋಸ್ ಕ್ವಯಟ್‌ಕಂಫರ್ಟ್ 15ಕ್ಕೆ ಒಂದು ಎಎಎ ಸೆಲ್ ಸಾಕು. ಮುಗಿದರೆ ಮೂಲೆ ಅಂಗಡಿಯಲ್ಲಿ ಸಿಗುತ್ತದೆ. ಈಗಿನವುಗಳಲ್ಲಿ ಕುಶನ್ ಕೆಳಗೆ ಸ್ಕ್ರೂ ಇದ್ದರೆ ಪುಣ್ಯ, ಗಮ್ಮೇ ಇದ್ದರೆ ನನಗೂ ಕಷ್ಟ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ಕಾನೂನಿನಂತೆ 2027ರ ಫೆಬ್ರವರಿ 18ರಿಂದ ಇಂಥ ಸಾಮಾನುಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು, ಕೆಲವು ವಿನಾಯಿತಿ ಬಿಟ್ಟು. ಅಲ್ಲಿಗೆ ಮಾಡಿದ ಮಾಡೆಲ್ಲೇ ಇಲ್ಲಿಗೂ ಬರುವ ಸಂಭವವಿದೆ. ಅವಸರವಿಲ್ಲದವರು ಹಳೆಯದಕ್ಕೇ ಒಂದು ಸೆಲ್ ಹಾಕಿಸಿ ಅಷ್ಟರವರೆಗೆ ದೂಡಬಹುದು.