ಸಿಲಿಕೋಸಿಸ್ ಅಲ್ಲ, ಸ್ಕ್ಲೆರೋಸಿಸ್

ಕೆಜಿಎಫ್‌ನವರಿಗೆ ಸಿಲಿಕೋಸಿಸ್ ಹೊಸ ಪದವಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ಚಿನ್ನದ ಗಣಿಯ ದೂಳು ಕಾರ್ಮಿಕರ ಶ್ವಾಸಕೋಶಕ್ಕೆ ತಂದ ಕಾಯಿಲೆ ಅದು. ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೊರಟ ರೈಲಿನಲ್ಲಿ ಪರೀಕ್ಷೆಯ ಗೈಡ್ ತಿರುವುವ ಅಭ್ಯರ್ಥಿ ಎಡವುವುದು ಹೋಲುವ ಇನ್ನೊಂದು ಪದದಲ್ಲಿ: ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್. ಇಲ್ಲಿ ದೂಳಿಗೆ ಪಾತ್ರವಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗಳ ನರತಂತುಗಳ ಮಯಲಿನ್ ಹೊದಿಕೆಯನ್ನು ಕೆಡಿಸುತ್ತದೆ.

1868: ಫ್ರಾನ್ಸಿನ ನರರೋಗ ತಜ್ಞ ಶಾರ್ಕೊ ಎಂಎಸ್ ರೋಗವನ್ನು ವಿವರಿಸಿದ ವರ್ಷ.

ಸೊಂಟದ ಬಳಿ ಸೂಜಿ ಹಾಕಿ ತೆಗೆಯುವ ಬೆನ್ನುಹುರಿ ದ್ರವದಲ್ಲಿ ಹುಡುಕುವ ಗುರುತುಗಳು:

1. ಆಲಿಗೋಕ್ಲೋನಲ್ ಬ್ಯಾಂಡ್: ಕನಿಷ್ಠ 2 ಐಜಿಜಿ ಪ್ರತಿಕಾಯದ ಪಟ್ಟೆಗಳು ದ್ರವದಲ್ಲಿ ಕಂಡು, ಸೀರಂನಲ್ಲಿ ಕಾಣದಿದ್ದರೆ ಪಾಸಿಟಿವ್. ರೋಗನಿರ್ಣಯದಲ್ಲಿ ಇದಕ್ಕೆ ಹೆಚ್ಚು ತೂಕ ಕೊಟ್ಟದ್ದು 2017ರ ಮೆಕ್‌ಡೊನಾಲ್ಡ್ ಮಾನದಂಡ.
2. ಕಪ್ಪಾ ಫ್ರೀ ಲೈಟ್ ಚೈನ್: ಪ್ರತಿಕಾಯದ ಬಿಡಿ ಸರಪಳಿ.
3. ಸಿಎಕ್ಸ್‌ಸಿಎಲ್13: ಬಿ ಕೋಶಗಳನ್ನು ಸೆಳೆಯುವ ಕೀಮೋಕೈನ್. ಉರಿಯೂತ ಚುರುಕಾದಾಗ ಏರುತ್ತದೆ. ನರವ್ಯೂಹದ ಕೆಲವು ಸೋಂಕುಗಳಲ್ಲೂ ಏರುವುದರಿಂದ ಎಂಎಸ್‌ಗೇ ಮೀಸಲಲ್ಲ.

ಗೊಂದಲ ಇಲ್ಲೇ. ಬ್ಯಾಂಡುಗಳು ಒಮ್ಮೆ ಬಂದರೆ ಸಾಮಾನ್ಯವಾಗಿ ಉಳಿದುಬಿಡುತ್ತವೆ. ಹಾಗಾಗಿ ಅವು ರೋಗದ ಇಂದಿನ ಬಿಸಿಯನ್ನು ಅಳೆಯುವುದಿಲ್ಲ. ನ್ಯೂರೋಫಿಲಮೆಂಟ್ ಲೈಟ್ ಚೈನ್ ಎಂಬ ಇನ್ನೊಂದು ಗುರುತು ಅಳೆಯುವುದು ನರತಂತುವಿನ ಹಾನಿಯನ್ನು. ಹೆಸರಿನಲ್ಲಿ ‘ಲೈಟ್ ಚೈನ್’ ಇದ್ದರೂ ಅದು ಪ್ರತಿಕಾಯದ ಭಾಗವಲ್ಲ! ಪ್ರಶ್ನೆ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಬಲೆ ಬೇಕೆ?

ಇಂಥ ರೋಗಗಳಿಗೆ ಕೋಲಾರ ಜಿಲ್ಲೆಗೆ ಹತ್ತಿರದ ದೊಡ್ಡ ನರರೋಗ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಸ್ಥಾಪನೆ 1974, ರಾಷ್ಟ್ರೀಯ ಮಹತ್ವದ ಸಂಸ್ಥೆಯಾಗಿಸಿದ ಕಾಯ್ದೆ 2012ರದು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಪಟ್ಟಿ ಮಾಡಿರುವ 21 ಅಂಗವೈಕಲ್ಯಗಳಲ್ಲಿ ಎಂಎಸ್ ಕೂಡ ಒಂದು.