ಅಯಾನು ಸಂಯುಕ್ತಗಳು: ಹೆಸರು ಮತ್ತು ಸೂತ್ರ

'ಸೋಡ' ಎಂಬ ಮಾತನ್ನು ಕೇಳದವರಿಲ್ಲ. ಆದರೆ ಬಜಾರಿನಲ್ಲಿ ಸೋಡ ಎಂದರೆ ಒಂದೇ ಪದಾರ್ಥವಲ್ಲ. ಬೋಂಡದ ಹಿಟ್ಟಿಗೆ ಚಿಟಿಕೆ ಹಾಕುವುದು ಅಡಿಗೆ ಸೋಡ. ಬಟ್ಟೆಯ ಕೊಳೆ ತೆಗೆಯುವುದು ಒಗೆಯುವ ಸೋಡ. ಸಾಬೂನಿನ ಕಾರ್ಖಾನೆಗೂ ಬಟ್ಟೆಯ ಗಿರಣಿಗೂ ಬರುವುದು ಕಾಸ್ಟಿಕ್ ಸೋಡ. ಮೂರೂ ಬೆಳ್ಳಗಿವೆ, ಮೂರರಲ್ಲಿಯೂ ಸೋಡಿಯಂ ಉಂಟು. ಆದರೆ ಮೊದಲನೆಯದನ್ನು ತಿನ್ನಬಹುದು. ಮೂರನೆಯದು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯಬಲ್ಲುದು.

ಬಜಾರಿನ ಹೆಸರು ಇವನ್ನು ಬೇರೆ ಮಾಡಿ ತೋರಿಸಲು ಸಾಲದು. ರಸಾಯನಶಾಸ್ತ್ರದ ಹೆಸರು ತೋರಿಸುತ್ತದೆ: ಸೋಡಿಯಂ ಬೈಕಾರ್ಬೊನೇಟ್, ಸೋಡಿಯಂ ಕಾರ್ಬೊನೇಟ್, ಸೋಡಿಯಂ ಹೈಡ್ರಾಕ್ಸೈಡ್. ಪೀಪಾಯಿ ಇಳಿಸುವವರೂ, ದಾಸ್ತಾನಿನ ಲೆಕ್ಕ ಬರೆಯುವ ಗುಮಾಸ್ತರೂ, ಔಷಧದ ಅಂಗಡಿಯಲ್ಲಿ ದುಡಿಯುವವರೂ ನಮ್ಮ ಓದುಗರಲ್ಲಿ ಇದ್ದಾರೆ. ಅವರಿಗೆ ದಿನವೂ ಎದುರಾಗುವ ಈ ಹೆಸರುಗಳನ್ನು ಬಿಡಿಸಿ ಓದುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ. ಶಾಲೆಯಲ್ಲಿ ವಿಜ್ಞಾನ ಓದದವರೂ ಒಂದು ಕಾಗದ, ಒಂದು ಪೆನ್ಸಿಲು ಹಿಡಿದು ಕುಳಿತರೆ ಇದು ಕಷ್ಟವಲ್ಲ.

ಸಂಕೇತಗಳು

ಪ್ರತಿಯೊಂದು ಧಾತುವಿಗೂ ಒಂದು ಇಲ್ಲವೆ ಎರಡು ರೋಮನ್ ಅಕ್ಷರಗಳ ಸಂಕೇತವುಂಟು. ಈ ಪದ್ಧತಿಯನ್ನು 1813-14ರಲ್ಲಿ ಬಳಕೆಗೆ ತಂದವನು ಸ್ವೀಡನ್ ದೇಶದ ಬರ್ಜೀಲಿಯಸ್. ಕೆಲವು ಸಂಕೇತಗಳು ಲ್ಯಾಟಿನ್ ಹೆಸರಿನಿಂದ ಬಂದವು. ಸೋಡಿಯಂ ಅಲ್ಲಿ ನೇಟ್ರಿಯಂ, ಆದುದರಿಂದ ಎನ್‌ಎ. ಕಬ್ಬಿಣ ಫೆರ್ರಂ, ಆದುದರಿಂದ ಎಫ್‌ಇ. ತಾಮ್ರ ಕ್ಯೂಪ್ರಂ, ಆದುದರಿಂದ ಸಿಯು. ಪೊಟ್ಯಾಸಿಯಂ ಕೇಲಿಯಂ, ಆದುದರಿಂದ ಕೆ.

ಇಲ್ಲಿ ಸಂಕೇತಗಳನ್ನು ಅಕ್ಷರಗಳ ಉಚ್ಚಾರದಂತೆ ಕನ್ನಡದಲ್ಲಿಯೇ ಬರೆದಿದ್ದೇವೆ. ಒಂದು ಧಾತುವಿನ ಸಂಕೇತ ಮುಗಿದು ಇನ್ನೊಂದು ಆರಂಭವಾಗುವಲ್ಲಿ ಸಣ್ಣ ಗೆರೆ ಹಾಕಿದ್ದೇವೆ. ಈ ಗೆರೆ ಓದುವ ಅನುಕೂಲಕ್ಕೆ ಮಾತ್ರ. ಪೀಪಾಯಿಯ ಚೀಟಿಯ ಮೇಲೆ ಇರುವುದಿಲ್ಲ. ಅಡಿಗೆ ಉಪ್ಪಿನ ಸೂತ್ರ ಎನ್‌ಎ-ಸಿಎಲ್.

ಜಮೆ ಮತ್ತು ಖರ್ಚು

ಸೋಡಿಯಂ ಪರಮಾಣು ಕ್ಲೋರಿನ್ ಪರಮಾಣುವಿಗೆ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಕೊಟ್ಟ ಸೋಡಿಯಂಗೆ ಒಂದು ಧನ ವಿದ್ಯುದಂಶ ಬರುತ್ತದೆ. ಪಡೆದ ಕ್ಲೋರಿನ್‌ಗೆ ಒಂದು ಋಣ ವಿದ್ಯುದಂಶ. ಹೀಗೆ ವಿದ್ಯುದಂಶ ಹೊತ್ತ ಕಣಕ್ಕೆ ಅಯಾನು ಎಂದು ಹೆಸರು. ಧನವೂ ಋಣವೂ ಒಂದನ್ನೊಂದು ಸೆಳೆದು ಹರಳಾಗುತ್ತವೆ. ಉಪ್ಪಿನ ಹರಳಿನಲ್ಲಿ ಅವು ಜೋಡಿ ಜೋಡಿಯಾಗಿ ಬೇರೆ ಕುಳಿತಿರುವುದಿಲ್ಲ. ಪ್ರತಿಯೊಂದು ಸೋಡಿಯಂನ ಸುತ್ತ ಆರು ಕ್ಲೋರೈಡ್, ಪ್ರತಿಯೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ ಇರುತ್ತವೆ. ಸೂತ್ರವು ಹೇಳುವುದು ಅವುಗಳ ಪ್ರಮಾಣವನ್ನು.

ಈ ಕೆಳಗಿನವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದರೆ ಅರ್ಧ ಪಾಠ ಮುಗಿದಂತೆ.

ಒಂದು ಧನ: ಸೋಡಿಯಂ (ಎನ್‌ಎ), ಪೊಟ್ಯಾಸಿಯಂ (ಕೆ), ಅಮೋನಿಯಂ (ಎನ್-ಎಚ್₄).
ಎರಡು ಧನ: ಕ್ಯಾಲ್ಸಿಯಂ (ಸಿಎ), ಮೆಗ್ನೀಸಿಯಂ (ಎಂಜಿ), ಸತು (ಜಡ್‌ಎನ್), ಬೇರಿಯಂ (ಬಿಎ).
ಮೂರು ಧನ: ಅಲ್ಯೂಮಿನಿಯಂ (ಎಎಲ್).
ಒಂದು ಋಣ: ಕ್ಲೋರೈಡ್ (ಸಿಎಲ್), ಹೈಡ್ರಾಕ್ಸೈಡ್ (ಓ-ಎಚ್), ನೈಟ್ರೇಟ್ (ಎನ್-ಓ₃), ನೈಟ್ರೈಟ್ (ಎನ್-ಓ₂), ಬೈಕಾರ್ಬೊನೇಟ್ (ಎಚ್-ಸಿ-ಓ₃).
ಎರಡು ಋಣ: ಆಕ್ಸೈಡ್ (ಓ), ಸಲ್ಫೈಡ್ (ಎಸ್), ಸಲ್ಫೇಟ್ (ಎಸ್-ಓ₄), ಸಲ್ಫೈಟ್ (ಎಸ್-ಓ₃), ಕಾರ್ಬೊನೇಟ್ (ಸಿ-ಓ₃).
ಮೂರು ಋಣ: ಫಾಸ್ಫೇಟ್ (ಪಿ-ಓ₄).

ಇನ್ನು ಸೂತ್ರ ಬರೆಯುವುದು ಗುಮಾಸ್ತರಿಗೆ ಪರಿಚಯವಾದ ಕೆಲಸವೇ. ಧನವನ್ನು ಜಮೆಯೆಂದೂ ಋಣವನ್ನು ಖರ್ಚೆಂದೂ ತಿಳಿಯಿರಿ. ಎರಡೂ ಸರಿಹೊಂದಿ ಬಾಕಿ ಸೊನ್ನೆಯಾಗಬೇಕು. ಸೂತ್ರದಲ್ಲಿ ಧನ ಅಯಾನು ಮೊದಲು, ಋಣ ಅಯಾನು ಆಮೇಲೆ.

ಕ್ಯಾಲ್ಸಿಯಂ ಕ್ಲೋರೈಡ್: ಜಮೆ ಎರಡು, ಖರ್ಚು ಒಂದು. ಆದುದರಿಂದ ಕ್ಲೋರೈಡ್ ಎರಡು ಬೇಕು: ಸಿಎ-ಸಿಎಲ್₂. ಒಗೆಯುವ ಸೋಡವಾದ ಸೋಡಿಯಂ ಕಾರ್ಬೊನೇಟ್: ಖರ್ಚು ಎರಡು, ಆದುದರಿಂದ ಸೋಡಿಯಂ ಎರಡು: ಎನ್‌ಎ₂-ಸಿ-ಓ₃. ಮೆಗ್ನೀಸಿಯಂ ಆಕ್ಸೈಡ್: ಎರಡಕ್ಕೆ ಎರಡು ಸರಿಹೋಯಿತು. ಇದನ್ನು ಎಂಜಿ-ಓ ಎಂದು ಬರೆದರೆ ಸಾಕು. ಅತಿ ಚಿಕ್ಕ ಪ್ರಮಾಣವನ್ನೇ ಬರೆಯುವುದು ರೂಢಿ.

ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಆಗುವ ಅರಳಿದ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಇಲ್ಲಿ ಓ-ಎಚ್ ಎಂಬ ಜೊತೆ ಇಡಿಯಾಗಿ ಎರಡು ಸಲ ಬರಬೇಕಾದುದರಿಂದ ಕಂಸ ಹಾಕಬೇಕು: ಸಿಎ(ಓ-ಎಚ್)₂. ಕಂಸ ಬಿಟ್ಟರೆ ಎರಡು ಎಂಬುದು ಜಲಜನಕಕ್ಕೆ ಮಾತ್ರ ಸೇರಿ ಲೆಕ್ಕ ಕೆಡುತ್ತದೆ. ಅಲ್ಯೂಮಿನಿಯಂ ಸಲ್ಫೇಟಿನಲ್ಲಿ ಜಮೆ ಮೂರು, ಖರ್ಚು ಎರಡು. ಎರಡೂ ಆರರಲ್ಲಿ ಕೂಡುತ್ತವೆ: ಎರಡು ಅಲ್ಯೂಮಿನಿಯಂ, ಮೂರು ಸಲ್ಫೇಟ್. ಸೂತ್ರ ಎಎಲ್₂(ಎಸ್-ಓ₄)₃.

ಹೆಸರಿನ ಬಾಲ

1787ರಲ್ಲಿ ಲವಾಸಿಯೇ ಮತ್ತು ಅವನ ಮೂವರು ಸಂಗಡಿಗರು ಫ್ರಾನ್ಸಿನಲ್ಲಿ ಹೊಸ ನಾಮಕರಣ ಪದ್ಧತಿಯೊಂದನ್ನು ಪ್ರಕಟಿಸಿದರು. ಹೆಸರು ನೋಡಿದೊಡನೆ ಪದಾರ್ಥದಲ್ಲಿ ಏನಿದೆಯೆಂದು ತಿಳಿಯಬೇಕು ಎಂಬುದು ಅವರ ಉದ್ದೇಶ. ಇಂದಿನ ಹೆಸರುಗಳ ಬಾಲ ಅಲ್ಲಿಂದ ಬೆಳೆದು ಬಂದದ್ದು.

ಬಾಲ 'ಐಡ್' ಎಂದಿದ್ದರೆ ಸಾಮಾನ್ಯವಾಗಿ ಋಣ ಭಾಗದಲ್ಲಿ ಒಂದೇ ಧಾತು: ಕ್ಲೋರೈಡ್, ಸಲ್ಫೈಡ್. ಹೈಡ್ರಾಕ್ಸೈಡ್, ಸಯನೈಡ್ ಇದಕ್ಕೆ ಅಪವಾದ. ಬಾಲ 'ಏಟ್' ಎಂದಿದ್ದರೆ ಆಮ್ಲಜನಕವೂ ಸೇರಿದೆ. 'ಐಟ್' ಎಂದಿದ್ದರೆ ಆಮ್ಲಜನಕ ಸೇರಿದೆ, ಆದರೆ 'ಏಟ್'ಗಿಂತ ಒಂದು ಪರಮಾಣು ಕಡಿಮೆ.

ಒಂದು ಪರಮಾಣುವಿನ ವ್ಯತ್ಯಾಸ ಏನು ಮಹಾ ಎನ್ನಬಾರದು. ಸೋಡಿಯಂ ನೈಟ್ರೇಟ್ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಬಣ್ಣದ ಕಾರ್ಖಾನೆಗಳಲ್ಲಿ ಬಳಸುವ ಸೋಡಿಯಂ ನೈಟ್ರೈಟ್ ಹೊಟ್ಟೆಗೆ ಹೋದರೆ, ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನೋಡುವುದಕ್ಕೆ ಅದು ಅಡಿಗೆ ಉಪ್ಪಿನಂತೆಯೇ. 1944ರಲ್ಲಿ ನ್ಯೂಯಾರ್ಕ್ ನಗರದ ಒಂದು ಉಪಾಹಾರ ಗೃಹದಲ್ಲಿ ಉಪ್ಪಿಗೆ ಬದಲು ನೈಟ್ರೈಟ್ ಬಳಕೆಯಾಗಿ, ಗಂಜಿ ಉಂಡ ಹನ್ನೊಂದು ಮಂದಿ ಮೈ ನೀಲಿಗಟ್ಟಿ ಆಸ್ಪತ್ರೆ ಸೇರಿದರು, ಒಬ್ಬನು ತೀರಿಕೊಂಡನು.

ಬೇರಿಯಂ ಇನ್ನೊಂದು ಉದಾಹರಣೆ. ಹೊಟ್ಟೆಯ ಎಕ್ಸ್-ರೇ ತೆಗೆಯುವ ಮುನ್ನ ಕೆಲವರಿಗೆ ಬೇರಿಯಂ ಸಲ್ಫೇಟ್ ಕಲಸಿದ ಬಿಳಿ ನೀರನ್ನು ಕುಡಿಸುವುದುಂಟು. ಬೇರಿಯಂ ವಿಷವೇ, ಆದರೆ ಈ ಲವಣ ನೀರಿನಲ್ಲಿಯೂ ಜಠರದ ಆಮ್ಲದಲ್ಲಿಯೂ ಕರಗದೆ ಬಂದಂತೆಯೇ ಹೊರಗೆ ಹೋಗುತ್ತದೆ. ಬೇರಿಯಂ ಕಾರ್ಬೊನೇಟ್ ಆದರೋ ಜಠರದ ಆಮ್ಲದಲ್ಲಿ ಕರಗಿ ಮೈಗೆ ಏರುತ್ತದೆ. 2003ರಲ್ಲಿ ಬ್ರೆಜಿಲ್ ದೇಶದಲ್ಲಿ ಎಕ್ಸ್-ರೇಗೆ ಕೊಟ್ಟ ಸಲ್ಫೇಟಿನಲ್ಲಿ ಕಾರ್ಬೊನೇಟ್ ಸೇರಿದ್ದುದರಿಂದ ಹಲವರು ಪ್ರಾಣ ಕಳೆದುಕೊಂಡರು. ಹೆಸರಿನ ಮೊದಲ ಭಾಗ ಓದಿ ನಿಲ್ಲಿಸಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡು ಲೆಕ್ಕದ ಲೋಹಗಳು

ಕೆಲವು ಲೋಹಗಳ ಜಮೆ ಒಂದೇ ಬಗೆಯಲ್ಲ. ಕಬ್ಬಿಣಕ್ಕೆ ಎರಡೂ ಇರಬಹುದು, ಮೂರೂ ಇರಬಹುದು. ತಾಮ್ರಕ್ಕೆ ಒಂದು ಇಲ್ಲವೆ ಎರಡು. ಹಳೆಯ ಪದ್ಧತಿಯಲ್ಲಿ ಕಡಿಮೆಯದಕ್ಕೆ 'ಅಸ್', ಹೆಚ್ಚಿನದಕ್ಕೆ 'ಇಕ್' ಎಂಬ ಬಾಲ: ಫೆರ್ರಸ್, ಫೆರ್ರಿಕ್, ಕ್ಯೂಪ್ರಸ್, ಕ್ಯೂಪ್ರಿಕ್. 1919ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಸ್ಟಾಕ್ ಎಂಬವನು ಆ ಸಂಖ್ಯೆಯನ್ನೇ ಹೆಸರಿನಲ್ಲಿ ಬರೆಯುವ ಸಲಹೆ ಕೊಟ್ಟನು. ಈಗ ಅದನ್ನು ಲೋಹದ ಹೆಸರಿನ ಮುಂದೆ ಕಂಸದೊಳಗೆ ರೋಮನ್ ಅಂಕಿಯಲ್ಲಿ ಬರೆಯುತ್ತಾರೆ. ನಾವು ಇಲ್ಲಿ ಸಾಮಾನ್ಯ ಅಂಕಿಯನ್ನೇ ಬಳಸಿದ್ದೇವೆ.

ಊರ ಕಡೆ ಅನ್ನಭೇದಿ ಎನ್ನುವುದು ಫೆರ್ರಸ್ ಸಲ್ಫೇಟ್, ಅಂದರೆ ಐರನ್ (2) ಸಲ್ಫೇಟ್, ಸೂತ್ರ ಎಫ್‌ಇ-ಎಸ್-ಓ₄. ರಕ್ತ ಕಡಿಮೆಯಾದವರಿಗೆ ಕೊಡುವ ಕಬ್ಬಿಣದ ಮಾತ್ರೆಗಳಲ್ಲಿ ಇದು ಬಳಕೆಯಲ್ಲಿದೆ. ಫೆರ್ರಿಕ್ ಕ್ಲೋರೈಡ್, ಎಫ್‌ಇ-ಸಿಎಲ್₃, ತಾಮ್ರದ ತಗಡನ್ನೇ ತಿನ್ನುವ ಪದಾರ್ಥ. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಹೊಡೆಯುವ ಮೈಲುತುತ್ತ ಕಾಪರ್ (2) ಸಲ್ಫೇಟ್. ಅದರ ನೀಲಿ ಹರಳಿನಲ್ಲಿ ಒಂದು ಪಾಲು ಸಲ್ಫೇಟಿಗೆ ಐದು ಪಾಲು ನೀರು ಸೇರಿರುತ್ತದೆ. ಹರಳನ್ನು ಚೆನ್ನಾಗಿ ಕಾಯಿಸಿದರೆ ನೀರು ಹೋಗಿ ಬಿಳಿಯ ಪುಡಿ ಉಳಿಯುತ್ತದೆ.

ಸೂತ್ರದಿಂದ ಹೆಸರಿಗೆ ಹೋಗುವಾಗ ಲೆಕ್ಕವನ್ನು ಹಿಂದಿನಿಂದ ಮಾಡಬೇಕು. ಎಫ್‌ಇ₂-ಓ₃ ಎಂದಿದೆಯೆನ್ನಿ. ಮೂರು ಆಕ್ಸೈಡಿನ ಖರ್ಚು ಆರು. ಅದನ್ನು ಎರಡು ಕಬ್ಬಿಣ ಹಂಚಿಕೊಂಡರೆ ತಲಾ ಮೂರು. ಆದುದರಿಂದ ಇದು ಐರನ್ (3) ಆಕ್ಸೈಡ್, ಹಳೆಯ ಹೆಸರು ಫೆರ್ರಿಕ್ ಆಕ್ಸೈಡ್.

ಅಭ್ಯಾಸ

ಸೂತ್ರ ಬರೆಯಿರಿ: (1) ಗೊಬ್ಬರದ ಚೀಲದ ಮೇಲೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದಿರುವ ಪೊಟ್ಯಾಸಿಯಂ ಕ್ಲೋರೈಡ್ (2) ಸತುವಿನ ಸಲ್ಫೇಟ್ (3) ಅಲ್ಯೂಮಿನಿಯಂ ಹೈಡ್ರಾಕ್ಸೈಡ್ (4) ಫೆರ್ರಿಕ್ ಸಲ್ಫೇಟ್.

ಹೆಸರು ಹೇಳಿರಿ: (5) ಎನ್-ಎಚ್₄-ಸಿಎಲ್, ಇದು ನವಸಾಗರ (6) ಕೆ-ಎನ್-ಓ₃, ಇದು ಪೆಟ್ಲುಪ್ಪು (7) ಎನ್‌ಎ₂-ಎಸ್-ಓ₃ (8) ಸಿಯು-ಓ.

ಉತ್ತರಗಳು: (1) ಕೆ-ಸಿಎಲ್ (2) ಜಡ್‌ಎನ್-ಎಸ್-ಓ₄ (3) ಎಎಲ್(ಓ-ಎಚ್)₃ (4) ಎಫ್‌ಇ₂(ಎಸ್-ಓ₄)₃ (5) ಅಮೋನಿಯಂ ಕ್ಲೋರೈಡ್ (6) ಪೊಟ್ಯಾಸಿಯಂ ನೈಟ್ರೇಟ್ (7) ಸೋಡಿಯಂ ಸಲ್ಫೈಟ್ (8) ಕಾಪರ್ (2) ಆಕ್ಸೈಡ್.

ಎಂಟರಲ್ಲಿ ಆರು ಸರಿಯಾದರೆ ಪಾಠ ಬಂದಂತೆ. ಕಡಿಮೆಯಾದರೆ ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಬಾಯಿಪಾಠ ಮಾಡಿರಿ. ಕೆಲಸದ ಸ್ಥಳದಲ್ಲಿ ಹೆಸರನ್ನು ನಕಲು ಮಾಡುವಾಗ ಕೊನೆಯ ಅಕ್ಷರದವರೆಗೂ ಬರೆಯಿರಿ. 'ಸೋಡಿಯಂ ನೈಟ್' ಎಂದು ಅರ್ಧಕ್ಕೆ ಮೊಟಕು ಮಾಡಬೇಡಿರಿ. ಚೀಟಿ ಹರಿದುಹೋದ ಪೀಪಾಯಿಯನ್ನು ಬಣ್ಣ ನೋಡಿ, ಮೂಸಿ, ರುಚಿ ನೋಡಿ ಗುರುತಿಸುವುದು ಸರ್ವಥಾ ಕೂಡದು. ಅದನ್ನು ಬೇರೆ ಇರಿಸಿ ಮೇಲಿನವರಿಗೆ ತಿಳಿಸಿರಿ.