ಖೆಡ್ಡಾದಿಂದ ಬೆಳ್ಳಿತೆರೆಗೆ

ಕಥೆಗೆ ಕಾಲುಗಳಿಲ್ಲ, ಆದರೂ ಅದು ಸಂಚರಿಸದ ದೇಶವಿಲ್ಲ. ಬಾಯಿಂದ ಕಿವಿಗೆ, ಕಿವಿಯಿಂದ ಗ್ರಂಥಕ್ಕೆ, ಗ್ರಂಥದಿಂದ ರಂಗಭೂಮಿಗೆ, ಅಲ್ಲಿಂದ ಚಲನಚಿತ್ರಕ್ಕೆ ಅದು ಸಾಗುತ್ತಲೇ ಇರುತ್ತದೆ. ಹೀಗೆ ಸಾಗುವಾಗ ಅದರ ವೇಷ ಬದಲಾಗುವುದು ಸಹಜ. ಮಹಾಭಾರತದ ಕಥೆ ಪಂಪನಲ್ಲಿ ಒಂದು ಬಗೆ, ಕುಮಾರವ್ಯಾಸನಲ್ಲಿ ಮತ್ತೊಂದು ಬಗೆ, ಯಕ್ಷಗಾನದ ರಂಗದಲ್ಲಿ ಇನ್ನೊಂದು ಬಗೆ. ಆದುದರಿಂದ ಒಂದು ಕೃತಿಯನ್ನು ಹೊಸದಾಗಿ ರೂಪಿಸಿದಾಗ 'ಇದು ಮೂಲದಂತೆಯೇ ಇದೆಯೇ?' ಎಂದು ಕೇಳುವುದಷ್ಟೇ ಸಾಲದು. ಹೊಸ ರೂಪವು ಯಾರನ್ನು ಮುಂದಕ್ಕೆ ತಂದಿತು, ಯಾರನ್ನು ಹಿಂದೆ ಬಿಟ್ಟಿತು ಎಂದೂ ಕೇಳಬೇಕು.

ಜಗತ್ತಿನ ಸಾಹಸ ಕಾದಂಬರಿಗಳಲ್ಲಿ ಫ್ರೆಂಚ್ ಲೇಖಕ ಜೂಲ್ ವರ್ನ್‌ನ 'ಎಂಬತ್ತು ದಿನಗಳಲ್ಲಿ ವಿಶ್ವ ಪರ್ಯಟನ' ಬಹಳ ಪ್ರಸಿದ್ಧವಾದುದು. ಅದು ೧೮೭೩ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು. ಫಿಲಿಯಾಸ್ ಫಾಗ್ ಎಂಬ ಆಂಗ್ಲ ಶ್ರೀಮಂತ ಪಣ ಕಟ್ಟಿ ಭೂಮಿಯನ್ನು ಸುತ್ತಲು ಹೊರಡುತ್ತಾನೆ. ಪಾಸ್‌ಪಾರ್ತೂ ಎಂಬ ಸೇವಕ ಅವನ ಜೊತೆಗಾರ. ಭಾರತದಲ್ಲಿ ರೈಲುದಾರಿ ನಡುವೆಯೇ ನಿಂತುಹೋದಾಗ ಫಾಗ್ ಎರಡು ಸಾವಿರ ಪೌಂಡು ತೆತ್ತು ಒಂದು ಆನೆಯನ್ನು ಕೊಳ್ಳುತ್ತಾನೆ. ಒಬ್ಬ ಪಾರ್ಸಿ ತರುಣ ಮಾವುತನಾಗಿ ಅವರನ್ನು ಕಾಡಿನ ಹಾದಿಯಲ್ಲಿ ಅಲಹಾಬಾದಿಗೆ ಮುಟ್ಟಿಸುತ್ತಾನೆ. ಆ ಆನೆಗೆ ಕಾದಂಬರಿಯಲ್ಲಿ ಕಿಯೂನಿ ಎಂಬ ಹೆಸರಿದೆ. ಪ್ರಾಣವನ್ನು ಒತ್ತೆಯಿಟ್ಟು ದಾರಿ ತೋರಿದ ಮಾವುತನಿಗೆ ಮಾತ್ರ ಹೆಸರಿಲ್ಲ!

ಇದೇ ಕಾದಂಬರಿಯನ್ನು ೨೦೦೪ರಲ್ಲಿ ಹಾಸ್ಯವೂ ಹೊಡೆದಾಟವೂ ಬೆರೆತ ಚಿತ್ರವಾಗಿ ಹೊಸದಾಗಿ ತಯಾರಿಸಿದರು. ಫ್ರಾಂಕ್ ಕೊರಾಚಿ ನಿರ್ದೇಶಿಸಿದ ಆ ಚಿತ್ರದಲ್ಲಿ ಪಾಸ್‌ಪಾರ್ತೂವಿನ ಪಾತ್ರವನ್ನು ಜಾಕಿ ಚಾನ್ ವಹಿಸಿದರು. ಅಲ್ಲಿ ಅವನು ಫ್ರೆಂಚ್ ಸೇವಕನಲ್ಲ. ತನ್ನ ಹಳ್ಳಿಯಿಂದ ಕಳುವಾದ ಬುದ್ಧನ ವಿಗ್ರಹವನ್ನು ಮರಳಿ ಒಯ್ಯಲು ವೇಷ ಮರೆಸಿಕೊಂಡ ಚೀನೀ ಗ್ರಾಮಸ್ಥ. ಕಾದಂಬರಿಯಲ್ಲಿ ಯಜಮಾನನ ಪಣವೇ ಕಥೆಯ ಬೆನ್ನೆಲುಬು. ಚಿತ್ರದಲ್ಲಿ ಸೇವಕನ ಉದ್ದೇಶಕ್ಕೂ ಸಮನಾದ ಸ್ಥಾನ ದೊರೆಯಿತು. ಮೂಲಕ್ಕೆ ಅಪಚಾರವಾಯಿತೆಂದು ಕೆಲವರು ಮುನಿಯಬಹುದು. ಆದರೆ ಹಿಂದೆ ನಿಂತಿದ್ದವನು ಮುಂದೆ ಬಂದನೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಇಂತಹುದೇ ಒಂದು ಕಥಾಪ್ರಯಾಣ ಕನ್ನಡನಾಡಿನ ತೆಂಕಣ ಅಂಚಿನಿಂದಲೂ ಹೊರಟಿತ್ತು. ಅಲ್ಲಿಯೂ ಆನೆಯಿತ್ತು, ಹೆಸರಿಲ್ಲದ ಮಾವುತರಿದ್ದರು.

ಮೈಸೂರಿನಿಂದ ದಕ್ಷಿಣಕ್ಕೆ ಹೊರಟವರು ನಂಜನಗೂಡನ್ನು ದಾಟಿದ ಬಳಿಕ ಒಂದು ದಾರಿ ಗುಂಡ್ಲುಪೇಟೆಯತ್ತಲೂ ಇನ್ನೊಂದು ದಾರಿ ಚಾಮರಾಜನಗರದತ್ತಲೂ ಸಾಗುತ್ತದೆ. ಮೊದಲನೆಯದು ಬಂಡೀಪುರದ ಕಾಡನ್ನು ಹೊಕ್ಕು ನೀಲಗಿರಿಯನ್ನು ಏರುತ್ತದೆ. ಎರಡನೆಯ ದಾರಿಯಲ್ಲಿ ಹೋದವರಿಗೆ ಮೂಡಣ ದಿಕ್ಕಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣಿಸುತ್ತದೆ. ನಡುವೆ ಜೋಳ, ರಾಗಿ, ಕಬ್ಬು, ಅರಿಸಿನ ಬೆಳೆಯುವ ಬಯಲು. ಅಂಚಿನಲ್ಲಿ ಆನೆಗಳ ಕಾಡು. ಮನುಷ್ಯನ ಹೊಲವೂ ಆನೆಯ ಹಾದಿಯೂ ಇಲ್ಲಿ ಅನಾದಿಯಿಂದ ಒಂದನ್ನೊಂದು ತಾಗಿಕೊಂಡಿವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮೀಷನರರ ಆಡಳಿತದಲ್ಲಿದ್ದಾಗ ಜಾರ್ಜ್ ಪೆರೆಸ್ ಸ್ಯಾಂಡರ್‌ಸನ್ ಎಂಬ ತರುಣ ಅಧಿಕಾರಿ ಈ ಸೀಮೆಯ ನೀರಾವರಿ ನಾಲೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದನು. ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಬರುವ ಆನೆಗಳ ಹಿಂಡು ರೈತರ ಬೆಳೆಯನ್ನು ತುಳಿದು ಹಾಳುಮಾಡುವುದನ್ನು ಅವನು ಕಣ್ಣಾರೆ ಕಂಡನು. ಕಾಡಾನೆಗಳನ್ನು ಹಿಂಡುಹಿಂಡಾಗಿ ಸೆರೆಹಿಡಿದು ಪಳಗಿಸಿದರೆ ರೈತನಿಗೆ ರಕ್ಷಣೆ, ಸರ್ಕಾರಕ್ಕೆ ಲಾಭ ಎಂದು ಅವನು ಸೂಚಿಸಿದನು. ೧೮೭೩ರಲ್ಲಿ ಈ ಸಾಹಸಕ್ಕೆ ಸರ್ಕಾರದ ಅನುಮತಿ ದೊರೆಯಿತು. ವರ್ನ್‌ನ ಕಾದಂಬರಿ ಗ್ರಂಥವಾದ ವರ್ಷವೂ ಅದೇ.

ಕೆಲಸ ಸುಲಭವಾಗಿರಲಿಲ್ಲ. ಒಂದು ಶತಮಾನದ ಹಿಂದೆ ಹೈದರಾಲಿಯೂ ಕಾಕನಕೋಟೆಯ ಕಾಡಿನಲ್ಲಿ ಇದೇ ಪ್ರಯತ್ನ ಮಾಡಿ ಸೋತಿದ್ದನೆಂದೂ, ಮುಂದೆ ಯಾರೂ ಗೆಲ್ಲಲಾರರೆಂದು ಕಲ್ಲಿನಲ್ಲಿ ಬರೆಸಿದ್ದನೆಂದೂ ಸ್ಯಾಂಡರ್‌ಸನ್ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಆದರೂ ಅವನು ಹಿಂಜರಿಯಲಿಲ್ಲ. ೧೮೭೪ರ ಜೂನ್ ತಿಂಗಳಲ್ಲಿ, ಮುಂಗಾರಿನ ಮೊದಲ ಮಳೆಗೆ ಆನೆಗಳು ಬಯಲಿನತ್ತ ಇಳಿದಾಗ, ಚಾಮರಾಜನಗರದ ಸಮೀಪದಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳ ಹಿಂಡು ಸೆರೆಸಿಕ್ಕಿತು. ಈ ವಿಧಾನಕ್ಕೆ 'ಖೆಡ್ಡಾ' ಎಂದು ಹೆಸರು. ಆನೆಗಳ ಜಾಡನ್ನು ಹಿಡಿಯುವುದು, ಕಾಡಿನ ಸುತ್ತ ಜನರನ್ನು ಕಾವಲಿರಿಸಿ ಹಿಂಡು ಹೊರಹೋಗದಂತೆ ತಡೆಯುವುದು, ಕಂದಕ ತೋಡಿ ಮರದ ದಿಮ್ಮಿಗಳಿಂದ ಆವರಣ ಕಟ್ಟುವುದು, ತಮಟೆಯ ಸದ್ದಿನಿಂದಲೂ ಪಂಜಿನ ಬೆಳಕಿನಿಂದಲೂ ಹಿಂಡನ್ನು ಅದರೊಳಕ್ಕೆ ಅಟ್ಟುವುದು, ಕೊನೆಗೆ ಪಳಗಿದ ಆನೆಗಳ ಮರೆಯಲ್ಲಿ ಒಳಹೊಕ್ಕು ಕಾಡಾನೆಯ ಕಾಲಿಗೆ ಹಗ್ಗ ಬಿಗಿಯುವುದು: ಇವು ಖೆಡ್ಡಾದ ಹಂತಗಳು.

ಇವುಗಳಲ್ಲಿ ಅತ್ಯಂತ ಅಪಾಯಕರವಾದ ಕೆಲಸವನ್ನು ಮಾಡಿದವರು ಯಾರು? ಜಾಡು ಹಿಡಿದವರು ಸೋಲಿಗರು ಮತ್ತು ಕುರುಬರು. ಮುರಿದ ಒಂದು ಕೊಂಬೆಯನ್ನೋ ತುಳಿದ ಹುಲ್ಲನ್ನೋ ನೋಡಿ, ಆನೆ ಹೋಗಿ ಎಷ್ಟು ಹೊತ್ತಾಯಿತೆಂದು ಅವರು ಹೇಳಬಲ್ಲವರಾಗಿದ್ದರು. ಕಾಡಾನೆಗಳ ನಡುವೆ ಇಳಿದು ಹಗ್ಗ ಬಿಗಿದವರು ಮಾವುತರು. ಕಾವಲು ನಿಂತವರು ಸುತ್ತಲಿನ ಹಳ್ಳಿಗಳ ಜನ. ಸ್ಯಾಂಡರ್‌ಸನ್‌ನ ಯೋಜನಾಶಕ್ತಿಯೂ ಧೈರ್ಯವೂ ಮೆಚ್ಚತಕ್ಕವೇ. ಆದರೆ ಅವನ ಹೆಸರು ಇತಿಹಾಸದಲ್ಲಿ ಉಳಿಯಿತು. ಹಗ್ಗ ಹಿಡಿದ ಕೈಗಳ ಹೆಸರು ಬಹುಮಟ್ಟಿಗೆ ಅಳಿಯಿತು. ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಖೆಡ್ಡಾ ಎಂಬುದು ನೋಡುವವರಿಗೆ ಸಾಹಸವಾದರೂ ಆನೆಗಳ ಪಾಲಿಗೆ ದುರಂತವಾಗಿತ್ತು. ತಾಯಿಯಿಂದ ಅಗಲಿದ ಮರಿಗಳೂ, ಸೆರೆಯ ಆಘಾತವನ್ನು ತಾಳಲಾರದೆ ಸತ್ತ ಆನೆಗಳೂ ಉಂಟು.

ಚಾಮರಾಜನಗರದ ಯಶಸ್ಸಿನ ಬಳಿಕ ಸ್ಯಾಂಡರ್‌ಸನ್‌ನನ್ನು ಬಂಗಾಳದ ಖೆಡ್ಡಾಗಳ ಮೇಲ್ವಿಚಾರಣೆಗೆ ಕರೆಸಿಕೊಂಡರು. ತನ್ನ ಅನುಭವಗಳನ್ನೆಲ್ಲ ಅವನು 'ಭಾರತದ ಕಾಡುಮೃಗಗಳ ನಡುವೆ ಹದಿಮೂರು ವರ್ಷಗಳು' ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಗ್ರಂಥದಲ್ಲಿ ಬರೆದು ೧೮೭೮ರಲ್ಲಿ ಪ್ರಕಟಿಸಿದನು. ಅದರಿಂದ ಅವನ ಕೀರ್ತಿ ದೂರದೂರಕ್ಕೆ ಹಬ್ಬಿತು.

ರಡ್ಯಾರ್ಡ್ ಕಿಪ್ಲಿಂಗನ 'ಜಂಗಲ್ ಬುಕ್' ಪ್ರಕಟವಾದುದು ೧೮೯೪ರಲ್ಲಿ. ಮೌಗ್ಲಿಯ ಕಥೆಗಳ ಜೊತೆಯಲ್ಲಿ 'ಆನೆಗಳ ತೂಮಾಯಿ' ಎಂಬ ಒಂದು ಕಥೆಯೂ ಅದರಲ್ಲಿದೆ. ಪುಟ್ಟ ತೂಮಾಯಿ ಮಾವುತರ ವಂಶದ ಹತ್ತು ವರ್ಷದ ಬಾಲಕ; ಕಾಲಾ ನಾಗ್ ಎಂಬ ಮುದಿ ಆನೆ ಅವನ ಸಂಗಾತಿ. ಆನೆಗಳು ನರ್ತಿಸುವುದನ್ನು ಕಂಡ ದಿನ ನೀನು ಬೇಟೆಗಾರನಾಗುವೆ ಎಂದು ಪೀಟರ್ಸನ್ ಸಾಹೇಬ ಅವನಿಗೆ ಹಾಸ್ಯವಾಗಿ ಹೇಳುತ್ತಾನೆ. ಯಾವ ಮನುಷ್ಯನೂ ಕಾಣದ ಆ ನರ್ತನವನ್ನು ಬಾಲಕನು ಒಂದು ರಾತ್ರಿ ಕಾಲಾ ನಾಗನ ಬೆನ್ನ ಮೇಲೆ ಕುಳಿತು ಕಾಣುತ್ತಾನೆ. ಈ ಕಥೆ ನಡೆಯುವುದು ಈಶಾನ್ಯದ ಗಾರೋ ಬೆಟ್ಟಗಳಲ್ಲಿ. ಆದರೆ ಆನೆ ಹಿಡಿಯುವ ಪೀಟರ್ಸನ್ ಸಾಹೇಬನಿಗೆ ಸ್ಯಾಂಡರ್‌ಸನ್ನನೇ ಮಾದರಿಯೆಂದು ಕಿಪ್ಲಿಂಗನ ಕೃತಿಗಳನ್ನು ಅಭ್ಯಾಸ ಮಾಡಿದವರು ಅಭಿಪ್ರಾಯಪಟ್ಟಿದ್ದಾರೆ. ಚಾಮರಾಜನಗರದ ಬಯಲಿನಲ್ಲಿ ಮೊಳೆತ ಖ್ಯಾತಿ ಹೀಗೆ ಬೇರೊಂದು ಬೆಟ್ಟದ ಕಥೆಯಲ್ಲಿ ಹೂಬಿಟ್ಟಿತು. ಕಥೆಯೊಳಗೆ ಊರಿನ ಹೆಸರು ಮಾತ್ರ ಉಳಿಯಲಿಲ್ಲ.

ಕಥೆಯ ಪ್ರಯಾಣ ಅಲ್ಲಿಗೆ ನಿಲ್ಲಲಿಲ್ಲ. ಇಂಗ್ಲೆಂಡಿನ ಚಿತ್ರ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಈ ಕಥೆಯನ್ನು ಚಲನಚಿತ್ರವಾಗಿಸಲು ಬಯಸಿ, ಸಾಕ್ಷ್ಯಚಿತ್ರಗಳಿಂದ ಹೆಸರಾಗಿದ್ದ ರಾಬರ್ಟ್ ಫ್ಲಾಹರ್ಟಿಯನ್ನು ೧೯೩೫ರಲ್ಲಿ ಭಾರತಕ್ಕೆ ಕಳುಹಿಸಿದನು. ಆನೆಗಳೂ ಮಾವುತರೂ ಒಂದೇ ಕಡೆ ದೊರೆಯುವ ಸ್ಥಳ ಬೇಕಾಗಿತ್ತು. ಆ ಸ್ಥಳ ಗಾರೋ ಬೆಟ್ಟವಾಗದೆ ಮೈಸೂರು ಸಂಸ್ಥಾನವಾಯಿತು! ಖೆಡ್ಡಾದ ನಾಡಿಗೆ ಕಥೆ ತಿರುಗಿ ಬಂದಿತು. ಈ ವೇಳೆಗೆ ಖೆಡ್ಡಾದ ಮುಖ್ಯ ನೆಲೆ ಕಬಿನಿ ತೀರದ ಕಾಕನಕೋಟೆಯಾಗಿತ್ತು. ಅದರ ಸಮೀಪದ ಕಾರಾಪುರವು ಬಂಡೀಪುರದ ಕಾಡಿಗೆ ನೆರೆಯಾದ ಊರು. ಅಲ್ಲಿ ೧೯೨೪ರಲ್ಲಿ ಹುಟ್ಟಿ, ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ಅರಮನೆಯ ಆನೆಲಾಯದ ಆಶ್ರಯದಲ್ಲಿ ಬೆಳೆಯುತ್ತಿದ್ದ ಒಬ್ಬ ಮಾವುತನ ಮಗ ಚಿತ್ರತಂಡದ ಕಣ್ಣಿಗೆ ಬಿದ್ದನು. ಅವನೇ ಸಾಬು.

ಸಾಬುವಿಗೆ ನಟನೆ ತಿಳಿದಿರಲಿಲ್ಲ; ಆನೆ ತಿಳಿದಿತ್ತು. ಸೊಂಡಿಲನ್ನು ಹಿಡಿದು ಮೇಲೇರುವುದು, ಮಸ್ತಕದ ಮೇಲೆ ಕುಳಿತು ಕಾಲ್ಬೆರಳಿನ ಸನ್ನೆಯಿಂದ ನಡೆಸುವುದು, ಕಿವಿಯ ಬಳಿ ಬಾಗಿ ಮಾತನಾಡುವುದು ಅವನಿಗೆ ಆಟವಾಗಿತ್ತು. ಹೊರಾಂಗಣದ ದೃಶ್ಯಗಳನ್ನು ಮೈಸೂರು ಸೀಮೆಯಲ್ಲಿ ಫ್ಲಾಹರ್ಟಿ ಚಿತ್ರಿಸಿದನು. ಉಳಿದ ಭಾಗಗಳನ್ನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಜೋಲ್ಟಾನ್ ಕೋರ್ಡಾ ನಿರ್ದೇಶಿಸಿದನು. 'ಎಲಿಫೆಂಟ್ ಬಾಯ್' ಎಂಬ ಹೆಸರಿನಿಂದ ೧೯೩೭ರಲ್ಲಿ ಬಿಡುಗಡೆಯಾದ ಈ ಚಿತ್ರಕ್ಕಾಗಿ ಇಬ್ಬರಿಗೂ ವೆನಿಸ್ ಚಿತ್ರೋತ್ಸವದಲ್ಲಿ ಉತ್ತಮ ನಿರ್ದೇಶನದ ಪ್ರಶಸ್ತಿ ಸಂದಿತು. ಕನ್ನಡದ ವಾಕ್ಚಿತ್ರಕ್ಕೆ ಆಗ ಕೇವಲ ಮೂರು ವರ್ಷ ತುಂಬಿತ್ತೆಂಬುದನ್ನು ನೆನೆದರೆ, ಮೈಸೂರಿನ ಒಬ್ಬ ಮಾವುತ ಬಾಲಕ ಲೋಕದ ಬೆಳ್ಳಿತೆರೆಯನ್ನೇರಿದುದು ಎಂತಹ ಸಂಗತಿಯೆಂಬುದು ಮನದಟ್ಟಾಗುತ್ತದೆ.

ಚಿತ್ರವು ಮೂಲಕಥೆಯನ್ನು ಧಾರಾಳವಾಗಿ ಬದಲಾಯಿಸಿತು. ಕಿಪ್ಲಿಂಗನಲ್ಲಿ ಬಾಲಕನ ತಂದೆ ಕಡೆಯವರೆಗೂ ಬದುಕಿರುತ್ತಾನೆ. ಚಿತ್ರದಲ್ಲಿ ಅವನು ಹುಲಿಗೆ ಬಲಿಯಾಗುತ್ತಾನೆ. ಒಡೆಯನನ್ನು ಕಳೆದುಕೊಂಡ ಆನೆ ದುಃಖದಿಂದ ಕೆರಳುತ್ತದೆ; ಅದನ್ನು ಕೊಲ್ಲಬೇಕೆಂಬ ಮಾತು ಹುಟ್ಟಿದಾಗ ಬಾಲಕನು ಅದರೊಡನೆ ಕಾಡಿಗೆ ಓಡಿಹೋಗುತ್ತಾನೆ. ಮೂಲದಲ್ಲಿ ತೂಮಾಯಿ ಅದ್ಭುತವೊಂದನ್ನು ಕಂಡವನು. ಚಿತ್ರದಲ್ಲಿ ಅವನು ತನ್ನ ಆನೆಯನ್ನು ಉಳಿಸಿಕೊಂಡವನು. ಈ ಬದಲಾವಣೆ ಕಥೆಗೆ ಹೊಸ ತೂಕವನ್ನು ತಂದಿತು. ಆದರೂ ಒಂದು ಕೊರತೆ ಹಾಗೆಯೇ ಉಳಿಯಿತು. ಬಾಲಕನ ಯೋಗ್ಯತೆಯನ್ನು ನಿರ್ಣಯಿಸುವ ಅಧಿಕಾರ ಕಥೆಯಲ್ಲಿದ್ದಂತೆ ಚಿತ್ರದಲ್ಲಿಯೂ ಸಾಹೇಬನ ಕೈಯಲ್ಲೇ ಇತ್ತು. ಮುಂದಕ್ಕೆ ಬಂದವನು ಒಬ್ಬ ಬಾಲಕ. ಅವನ ಹಿಂದಿನ ಜನಸಮೂಹ ಮೊದಲಿನಂತೆಯೇ ನೆರಳಿನಲ್ಲಿ ನಿಂತಿತು.

ಸಾಬು ಮತ್ತೆ ಆನೆಲಾಯದ ಬಾಳಿಗೆ ಮರಳಲಿಲ್ಲ. ೧೯೪೦ರ 'ಬಾಗ್ದಾದಿನ ಕಳ್ಳ' ಎಂಬ ಚಿತ್ರದಿಂದಲೂ, ಮೌಗ್ಲಿಯಾಗಿ ನಟಿಸಿದ ೧೯೪೨ರ 'ಜಂಗಲ್ ಬುಕ್' ಚಿತ್ರದಿಂದಲೂ ಅವನು ಜಗತ್ಪ್ರಸಿದ್ಧನಾದನು. ೧೯೪೪ರಲ್ಲಿ ಅಮೆರಿಕದ ಪ್ರಜೆಯಾಗಿ, ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನದ ತೋಪುಗಾರನಾಗಿ ಸೇವೆ ಸಲ್ಲಿಸಿ ಶೌರ್ಯಪದಕ ಪಡೆದನು. ೧೯೬೩ರ ಡಿಸೆಂಬರಿನಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ನಿಧನನಾದನು.

ಇತ್ತ ಖೆಡ್ಡಾದ ಕಾಲವೂ ಮುಗಿಯಿತು. ಕಾಕನಕೋಟೆಯಲ್ಲಿ ಕಡೆಯ ಖೆಡ್ಡಾ ನಡೆದುದು ೧೯೭೧ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ೧೯೭೩ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಆನೆ ಹಿಡಿಯಲು ಅನುಮತಿ ದೊರೆತ ೧೮೭೩ಕ್ಕೂ ಇದಕ್ಕೂ ಸರಿಯಾಗಿ ನೂರು ವರ್ಷಗಳ ಅಂತರ. ಅದೇ ೧೯೭೩ರಲ್ಲಿ 'ಗಂಧದ ಗುಡಿ' ಚಿತ್ರ ತೆರೆಕಂಡಿತು. ಚಾಮರಾಜನಗರಕ್ಕೆ ಹೊಂದಿಕೊಂಡ ಗಾಜನೂರಿನಲ್ಲಿ ಜನಿಸಿದ ಡಾ. ರಾಜ್‌ಕುಮಾರ್ ಅದರಲ್ಲಿ ಅರಣ್ಯಾಧಿಕಾರಿಯ ಪಾತ್ರ ವಹಿಸಿದರು. ಕಾಡಿನ ಸಾಹಸಕಥೆಯಲ್ಲಿ ಅದುವರೆಗೆ ಹಿಡಿಯುವವನು, ಕೊಲ್ಲುವವನು ನಾಯಕನಾಗಿದ್ದನು. ಇಲ್ಲಿ ಕಾಯುವವನು ನಾಯಕನಾದನು.

೨೦೨೩ರ ಗಣತಿಯಲ್ಲಿ ಕರ್ನಾಟಕದಲ್ಲಿ ೬,೩೯೫ ಆನೆಗಳಿವೆಯೆಂದು ಅಂದಾಜು ಮಾಡಲಾಯಿತು. ಅವುಗಳಲ್ಲಿ ಬಹಳಷ್ಟು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ಕಾಡುಗಳಲ್ಲಿವೆ. ಕಾಡಂಚಿನ ರೈತನು ಮರದ ಮೇಲಿನ ಅಟ್ಟಣೆಯಲ್ಲಿ ಕುಳಿತು ಬೆಳೆ ಕಾಯುವ ಇರುಳುಗಳು ಇನ್ನೂ ಮುಗಿದಿಲ್ಲ. ಜಾಡು ಬಲ್ಲ ಸೋಲಿಗರ ಮತ್ತು ಕುರುಬರ ಅರಿವು ಕಾಡಿನ ಕಾವಲಿಗೆ ಇಂದಿಗೂ ಆಸರೆಯಾಗಿದೆ. ಸ್ಯಾಂಡರ್‌ಸನ್ ಕಂಡ ಸಮಸ್ಯೆ ಹಾಗೆಯೇ ಇದೆ, ಅವನು ಕಂಡುಕೊಂಡ ಉತ್ತರ ಮಾತ್ರ ಇಂದು ಸಲ್ಲದು. ಹೊಸ ಉತ್ತರವನ್ನು ಅರಸುವವರ ಬದುಕಿನಲ್ಲಿಯೂ ಸಾಹಸವಿದೆ, ಭಯವಿದೆ, ನಗೆಯೂ ಇದೆ. ಆ ಕಥೆಯನ್ನು ಮುಂದೆ ಯಾರಾದರೂ ಬರೆದರೆ, ಯಾರಾದರೂ ಚಿತ್ರಿಸಿದರೆ, ಅದರಲ್ಲಿ ಆನೆಗೆ ಹೆಸರಿರಲಿ; ಅದರ ಜಾಡನ್ನು ಬಲ್ಲವನಿಗೂ ಹೆಸರಿರಲಿ.

ಅಭ್ಯಾಸ

೧. ವರ್ನ್‌ನ ಕಾದಂಬರಿಗೂ ೨೦೦೪ರ ಚಿತ್ರಕ್ಕೂ ಇರುವ ಮುಖ್ಯ ವ್ಯತ್ಯಾಸವೇನು?
೨. ಖೆಡ್ಡಾ ಎಂದರೇನು? ಅದರ ಹಂತಗಳನ್ನು ನಿಮ್ಮ ಮಾತಿನಲ್ಲಿ ವಿವರಿಸಿರಿ.
೩. 'ಸಾಬುವಿಗೆ ನಟನೆ ತಿಳಿದಿರಲಿಲ್ಲ; ಆನೆ ತಿಳಿದಿತ್ತು.' ಈ ಮಾತಿನ ಸ್ವಾರಸ್ಯವನ್ನು ತಿಳಿಸಿರಿ.
೪. 'ಎಲಿಫೆಂಟ್ ಬಾಯ್' ಚಿತ್ರವು ಮೂಲಕಥೆಯಲ್ಲಿ ಮಾಡಿಕೊಂಡ ಬದಲಾವಣೆಗಳು ಯಾವುವು? ಅವುಗಳಿಂದ ಆದ ಲಾಭವೇನು? ಉಳಿದ ಕೊರತೆಯೇನು?
೫. ನಿಮ್ಮ ಊರಿನಲ್ಲಿ ಹಿರಿಯರಿಂದ ಕೇಳಿದ ಒಂದು ಸಾಹಸದ ಘಟನೆಯನ್ನು, ಅದರಲ್ಲಿ ನೆರವಾದ ಎಲ್ಲರನ್ನೂ ಸ್ಮರಿಸಿ, ಒಂದು ಪುಟದಲ್ಲಿ ಬರೆಯಿರಿ.